ತೀರ್ಥನ್ ಹೊಳೆಯಲ್ಲಿ ಟ್ರೌಟ್ ಗಾಳ: ಬಾಡಿಗೆ ಕೋಲು ನಂಬಬೇಡಿ, ಸಾಮಾನು ಬೆಂಗಳೂರಲ್ಲೇ ಕೊಳ್ಳಿ

ಹಿಮಾಚಲದ ಕುಲು ಜಿಲ್ಲೆಯ ತೀರ್ಥನ್ ಹೊಳೆಯ ದಂಡೆಯ ಗೆಸ್ಟ್ ಹೌಸಿನಲ್ಲಿ ಬಾಡಿಗೆಗೆ ಕೊಡುವ ಗಾಳದ ಕೋಲು ಕೈಗೆ ಬಂದ ಕೂಡಲೇ ರೀಲಿನ ಸ್ಪೂಲ್ ನೋಡಿ. ಅರ್ಧ ಖಾಲಿ ಇರುತ್ತದೆ. ಉಳಿದ ದಾರ ಸ್ಪ್ರಿಂಗಿನ ಹಾಗೆ ಸುರುಳಿಗಟ್ಟಿರುತ್ತದೆ, ದಪ್ಪ 0.40 ಮಿ.ಮೀ. ಅದರ ತುದಿಗೆ 12 ಗ್ರಾಮಿನ ಸ್ಪೂನು, ಅಂದರೆ ಚಮಚದಾಕಾರದ ಲೋಹದ ಹುಸಿ ಮೀನು, ಕೊಕ್ಕೆಗೆ ತುಕ್ಕು. ಅದೇನೂ ಕೆಟ್ಟ ಸಾಮಾನಲ್ಲ, ಕೆರೆಯಲ್ಲಿ ಕಾಟ್ಲಾ ಹಿಡಿಯಲು ನಡೆಯುತ್ತದೆ. ಮೊಣಕಾಲು ಮಟ್ಟದ ತಿಳಿನೀರಿನಲ್ಲಿ ನಿಂತ ಬ್ರೌನ್ ಟ್ರೌಟ್‌ಗೆ ಮಾತ್ರ ಆ ದಾರ ಹಗ್ಗದ ಹಾಗೆ ಕಾಣುತ್ತದೆ, ಸ್ಪೂನು ಬಿದ್ದ ಸದ್ದಿಗೇ ಮೀನು ಬಂಡೆಯಡಿ ಸೇರಿಕೊಳ್ಳುತ್ತದೆ. ಒಂದು ದಿನದ ಲೈಸೆನ್ಸು, ಬಾಡಿಗೆ, ಗೈಡಿನ ದುಡ್ಡು ಮೂರೂ ಹೋದ ಮೇಲೆ ಸಂಜೆ ಸಿಗುವ ಸಮಾಧಾನ ಒಂದೇ: ‘ಇವತ್ತು ನೀರು ಸರಿಯಿಲ್ಲ ಸಾರ್.’

ಇದಕ್ಕಿಂತ ದೊಡ್ಡ ಟೋಪಿ ‘ಟ್ರೌಟ್ ಫಿಶಿಂಗ್ ಸೇರಿ’ ಎಂಬ ಪ್ಯಾಕೇಜು. ಬುಕ್ ಮಾಡುವ ಮೊದಲು ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿ: ಹೊಳೆಯಲ್ಲೋ, ತೊಟ್ಟಿಯಲ್ಲೋ? ತೊಟ್ಟಿಯಾದರೆ ಅಲ್ಲಿರುವುದು ಗುಳಿಗೆ ತಿಂದು ಬೆಳೆದ ರೇನ್‌ಬೋ ಟ್ರೌಟ್. ಕೊಕ್ಕೆ ಹಾಕಿದ ಎರಡನೇ ನಿಮಿಷಕ್ಕೆ ಕಚ್ಚುತ್ತದೆ, ಕೆ.ಜಿ. ಲೆಕ್ಕದಲ್ಲಿ ಬಿಲ್ಲು ಬರುತ್ತದೆ. ಮಕ್ಕಳ ಜತೆ ಹೋದವರಿಗೆ ಅದೇ ಸುಖವಿರಬಹುದು, ತಪ್ಪೇನಿಲ್ಲ. ಎರಡರ ಗುರುತು ಸುಲಭ. ರೇನ್‌ಬೋಗೆ ಪಕ್ಕೆಯುದ್ದಕ್ಕೂ ಗುಲಾಬಿ ಪಟ್ಟೆ, ಬಾಲದ ಮೇಲೂ ಕಪ್ಪು ಚುಕ್ಕೆ. ಬ್ರೌನ್ ಟ್ರೌಟ್‌ನ ಮೈ ಕಂದು ಹಳದಿ, ಕೆಂಪು ಚುಕ್ಕೆಯ ಸುತ್ತ ತೆಳು ಬಿಳಿ ಉಂಗುರ. ಈ ಹೊಳೆಯಲ್ಲಿ ಗಾಳಕ್ಕೆ ಹುಡುಕಬೇಕಾದ್ದು ಎರಡನೆಯದನ್ನು.

ಎರಡೂ ಹಿಮಾಲಯದ ಮೂಲ ಮೀನುಗಳಲ್ಲ. 1900ರ ಸುಮಾರಿಗೆ ಬ್ರಿಟಿಷರು ಕಾಶ್ಮೀರಕ್ಕೆ ಟ್ರೌಟ್ ತಂದರು. 1909ರಲ್ಲಿ ಕುಲುವಿನಲ್ಲಿ ಅಧಿಕಾರಿಯಾಗಿದ್ದ ಹೋವೆಲ್ ಅಲ್ಲಿಂದ ಮೊಟ್ಟೆ ತರಿಸಿ ಬಿಯಾಸ್ ಕಣಿವೆಯಲ್ಲಿ ಮರಿ ಮಾಡಿಸಿದ. ಬಿಯಾಸ್ ಸೇರುವ ಹೊಳೆಗಳಲ್ಲಿ ತೀರ್ಥನ್‌ಗೆ ಮೀನು ಒಗ್ಗಿಹೋಗಲು ಕಾರಣವಿದೆ. ಹೊಳೆಯ ತಲೆ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದೊಳಗಿದೆ, ಅದು 2014ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ನೀರು ವರ್ಷವಿಡೀ ತಣ್ಣಗಿರುತ್ತದೆ, ಲಾರ್ಜಿಯಲ್ಲಿ ಬಿಯಾಸ್ ಮುಟ್ಟುವ ತನಕ ದೊಡ್ಡ ಅಣೆಕಟ್ಟು ಅಡ್ಡ ಬರುವುದಿಲ್ಲ.

ಯಾವಾಗ

ನವೆಂಬರ್ 1ರಿಂದ ಫೆಬ್ರುವರಿ ಕೊನೆಯವರೆಗೆ ಹಿಮಾಚಲದ ಟ್ರೌಟ್ ನೀರುಗಳಲ್ಲಿ ಗಾಳ ನಿಷೇಧ, ಅದು ಮೀನು ಮೊಟ್ಟೆಯಿಡುವ ಕಾಲ. ದೀಪಾವಳಿ ರಜೆಗೆ ಯೋಜನೆ ಹಾಕುವವರು ಎಡವುವುದು ಇಲ್ಲೇ. ಹಬ್ಬ ನವೆಂಬರಿಗೆ ಬಿದ್ದರೆ ರಾಡು ಮನೆಯಲ್ಲೇ ಬಿಡಿ. ಜುಲೈ, ಆಗಸ್ಟ್ ಬೇಡವೇ ಬೇಡ. ನೀರು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ, ಮನಾಲಿ ಹೆದ್ದಾರಿಯಲ್ಲಿ ಮಂಡಿ ಪಟ್ಟಣದಿಂದ ಔಟ್ ಎಂಬ ಊರಿನ ನಡುವೆ ಗುಡ್ಡ ಕುಸಿಯುತ್ತದೆ. 2023ರ ಜುಲೈ ಪ್ರವಾಹದಲ್ಲಿ ಆ ಹೆದ್ದಾರಿಯ ಗತಿ ಏನಾಯಿತೆಂದು ಎಲ್ಲರೂ ನೋಡಿದ್ದಾರೆ.

ಉಳಿದದ್ದು ಮಾರ್ಚ್‌ನಿಂದ ಜೂನ್, ಮತ್ತೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್. ಮೇ ತಿಂಗಳಲ್ಲಿ ಮೇಲಿನ ಹಿಮ ಬಿಸಿಲಿಗೆ ಕರಗಿ ಮಧ್ಯಾಹ್ನದ ಹೊತ್ತಿಗೆ ಹೊಳೆ ಏರುತ್ತದೆ, ಕದಡುತ್ತದೆ. ಬೆಳಿಗ್ಗೆ ಕಾಲಿಟ್ಟು ದಾಟಿದ ಜಾಗವನ್ನು ಸಂಜೆ ವಾಪಸು ದಾಟಲು ಆಗದಿರಬಹುದು. ಅದಕ್ಕೇ ಹೊರಟ ದಂಡೆಯಲ್ಲೇ ಉಳಿಯುವುದು ಜಾಣತನ. ಅಕ್ಟೋಬರಿನಲ್ಲಿ ನೀರು ಕಡಿಮೆ, ಗಾಜಿನಷ್ಟು ತಿಳಿ. ಆಗ ದಾರ ಇನ್ನೂ ಸಣ್ಣದಾಗಬೇಕು, ನೆರಳು ನೀರಿನ ಮೇಲೆ ಬೀಳಬಾರದು.

ಬೆಂಗಳೂರಲ್ಲಿ ಕೊಳ್ಳಬೇಕಾದ್ದು

ಕಾವೇರಿಯಲ್ಲಿ ಮಹಶೀರ್ ಹಿಡಿದ ಹಳಬರು ಭೀಮೇಶ್ವರಿ ಕಾಲದ ಸಾಮಾನು ಅಟ್ಟದಿಂದ ಇಳಿಸಬೇಡಿ. ಹತ್ತಡಿ ಕೋಲು, ದಪ್ಪ ದಾರ, ರಾಗಿ ಹಿಟ್ಟಿನ ಉಂಡೆ ಯಾವುದೂ ಇಲ್ಲಿ ನಡೆಯದು. ಟ್ರೌಟ್ ಹುಳುಹುಪ್ಪಟೆ, ಸಣ್ಣ ಮೀನು ತಿನ್ನುವ ಜಾತಿ. ರಾಗಿಗೆ ಮೂತಿಯೂ ತಿರುಗಿಸುವುದಿಲ್ಲ.

ಹೊಸಬರಿಗೆ ಸ್ಪಿನ್ನಿಂಗ್ ಸೆಟ್ ಸಾಕು. ರಾಡು ಆರರಿಂದ ಏಳು ಅಡಿ, ಹಿಡಿಯ ಹತ್ತಿರ ಬರೆದಿರುವ ಲೂರ್ (ಹುಸಿ ಎರೆ) ತೂಕ 2–10 ಗ್ರಾಂ ಇರಲಿ. 10–30 ಎಂದಿದ್ದರೆ ಅಂಗಡಿಯವ ಎಷ್ಟು ಹೊಗಳಿದರೂ ಬಿಟ್ಟುಬಿಡಿ. 3 ಗ್ರಾಮಿನ ಸ್ಪಿನ್ನರ್ (ಗಿರಗಿರ ತಿರುಗುವ ಲೋಹದ ಎಲೆಯಿರುವ ಲೂರ್) ಅದರಲ್ಲಿ ಹತ್ತಡಿಯೂ ಹಾರದು. ರೀಲು 1000 ಅಥವಾ 2000 ಸೈಜು. ದಾರ 0.18ರಿಂದ 0.20 ಮಿ.ಮೀ. ಮಾನೋಫಿಲಮೆಂಟ್ (ಒಂಟಿ ಎಳೆಯದು), 100 ಮೀಟರ್. ಹೆಣೆದ ಬ್ರೇಡ್ ದಾರ ಬಲವಾದದ್ದೇ, ಆದರೆ ಈ ಬಂಡೆಗಳ ಅಂಚಿಗೆ ಉಜ್ಜಿದರೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಸ್ಪೂಲಿನ ಅಂಚಿಗೆ 2 ಮಿ.ಮೀ. ಬಾಕಿ ಇರುವಷ್ಟು ತುಂಬಿ. ಕಡಿಮೆ ತುಂಬಿದರೆ ಎಸೆತ ಮೊಟಕಾಗುತ್ತದೆ, ಹೆಚ್ಚಾದರೆ ದಾರ ಗೊಂಚಲಾಗಿ ಹೊರಬಿದ್ದು ಗಂಟಾಗುತ್ತದೆ.

ಸ್ಪಿನ್ನರ್‌ಗಳಲ್ಲಿ ಮೆಪ್ಸ್ ಆಗ್ಲಿಯಾ ಮಾದರಿಯ 0, 1, 2 ನಂಬರು, ಬೆಳ್ಳಿ ಮತ್ತು ಹಿತ್ತಾಳೆ ಬಣ್ಣ. ಹತ್ತು ಒಯ್ಯಿರಿ. ದಿನಕ್ಕೆ ಮೂರು ಬಂಡೆಗೆ ಸಿಕ್ಕಿ ಹೋಗುವುದು ಮಾಮೂಲು, ಅಲ್ಲಿ ಕೊಳ್ಳಲು ಹೋದರೆ ಸಿಗುವುದು ಮತ್ತದೇ 12 ಗ್ರಾಮಿನ ಸ್ಪೂನು. ಸಣ್ಣ ಸ್ವಿವೆಲ್ (ತಿರುಗುವ ಕೊಂಡಿ) ಒಂದು ಡಜನ್. ಅದಿಲ್ಲದೆ ಸ್ಪಿನ್ನರ್ ಕಟ್ಟಿದರೆ ಅರ್ಧ ಗಂಟೆಯಲ್ಲಿ ದಾರ ಹುರಿಗೊಳ್ಳುತ್ತದೆ. ಡೆಕಾಥ್ಲಾನ್‌ನಲ್ಲಿ ಕೇಪರ್ಲಾನ್ ಹೆಸರಿನ ರಾಡು, ರೀಲು ಸಿಗುತ್ತವೆ. ಮಳಿಗೆಗೆ ಹೋಗುವ ಮೊದಲು ಆಪ್‌ನಲ್ಲಿ ಸ್ಟಾಕ್ ನೋಡಿಕೊಳ್ಳಿ. ಸರ್ಜಾಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಕಳೆದು ಖಾಲಿ ಕೈಯಲ್ಲಿ ಬರಬೇಕಾಗಿಲ್ಲ.

ಫ್ಲೈ ಗಾಳ (ಹುಳದಂಥ ಹಗುರ ನಕಲಿ ಎರೆ ಎಸೆದು ಹಿಡಿಯುವುದು) ಗೊತ್ತಿದ್ದವರಿಗೆ: ಒಂಬತ್ತಡಿಯ 5 ನಂಬರ್ ರಾಡು, ತೇಲುವ ಲೈನು, ಒಂಬತ್ತಡಿ ಲೀಡರ್, ವಸಂತದಲ್ಲಿ 4ಎಕ್ಸ್, ಅಕ್ಟೋಬರಿನಲ್ಲಿ 5ಎಕ್ಸ್. ಮಣಿ ತಲೆಯ ಹೇರ್ಸ್ ಇಯರ್ ಮತ್ತು ಫೆಸೆಂಟ್ ಟೇಲ್ ನಿಂಫ್ 14, 16 ಸೈಜು. ಇಷ್ಟರಲ್ಲೇ ಆಗುತ್ತದೆ, ಐವತ್ತು ಫ್ಲೈಗಳ ಡಬ್ಬಿ ಶೋಕಿಗೆ.

ಬಟ್ಟೆಬರೆಯಲ್ಲಿ ಮೋಸ ಹೆಚ್ಚು. ದೆಹಲಿಯ ಫುಟ್‌ಪಾತು, ಮನಾಲಿಯ ಪೇಟೆಗಳಲ್ಲಿ ದೊಡ್ಡ ಬ್ರ್ಯಾಂಡಿನ ಚೀಟಿ ಹೊಲಿದ ಮಳೆ ಜಾಕೆಟ್ಟಿನ ಮೇಲೆ ಮಾರುವವ ನೀರು ಸುರಿದು ತೋರಿಸುತ್ತಾನೆ. ಹನಿ ಹನಿಯಾಗಿ ಜಾರಿ ಹೋಗುತ್ತದೆ. ಜಾರಲೇಬೇಕು, ಹೊಸ ಬಟ್ಟೆಗೆ ಹೊಡೆದ ಲೇಪ ಅದು. ನೀರು ಒಳಬರುವುದು ಹೊಲಿಗೆಯ ಸೂಜಿ ತೂತುಗಳಿಂದ. ಜಾಕೆಟ್ಟನ್ನು ಒಳಮಗ್ಗುಲು ಮಾಡಿ ಹೆಗಲು, ಕಂಕುಳು, ಟೊಪ್ಪಿಗೆ ನೋಡಿ. ಪ್ರತಿ ಹೊಲಿಗೆಯ ಮೇಲೂ ಬೆರಳಗಲದ ಟೇಪು ಅಂಟಿಸಿದ್ದರೆ ಸರಿ. ಹೆಗಲಿಗಷ್ಟೇ ಟೇಪು ಹಾಕಿ ಕಂಕುಳಿಗೆ ಬಿಟ್ಟಿದ್ದರೆ ಒಂದು ಗಂಟೆಯ ಮಳೆಗೆ ಬನಿಯನ್ ತೊಯ್ಯುತ್ತದೆ.

ಶೂ ವಿಷಯ ಯಾರೂ ಹೇಳುವುದಿಲ್ಲ. ನಾಲ್ಕೈದು ವರ್ಷ ಕಪಾಟಿನಲ್ಲಿದ್ದ ಟ್ರೆಕ್ಕಿಂಗ್ ಶೂ ನೋಡಲು ಹೊಸದಾಗಿದ್ದರೂ, ಅಟ್ಟೆಯ ನಡುವಿನ ಪಾಲಿಯುರಿಥೇನ್ ಪದರ ಗಾಳಿಯ ತೇವಕ್ಕೆ ಒಳಗೊಳಗೇ ಪುಡಿಯಾಗಿರುತ್ತದೆ. ಹೊಳೆಯಲ್ಲಿ ಎರಡು ಗಂಟೆ ನಡೆದರೆ ಅಟ್ಟೆ ಬಾಯಿ ಬಿಡುತ್ತದೆ. ಹೊರಡುವ ಮೊದಲು ಅಟ್ಟೆಯ ಪಕ್ಕಕ್ಕೆ ಉಗುರು ಒತ್ತಿ; ಗುಳಿ ಬಿದ್ದು ಹಾಗೇ ಉಳಿದರೆ, ಚೂರು ಉದುರಿದರೆ, ಆ ಶೂ ಮುಗಿಯಿತು. ದಾರಿಯಲ್ಲಿ ಬಾಯಿ ಬಿಟ್ಟರೆ ಫೆವಿಕ್ವಿಕ್ ನಿಲ್ಲುವುದಿಲ್ಲ, ಪ್ಲಾಸ್ಟಿಕ್ ಕೇಬಲ್ ಟೈ ನಾಲ್ಕು ಬಿಗಿದು ಮರಳಿ.

ಪಾಚಿ ಬಂಡೆಗೆ ಫೆಲ್ಟ್ (ಒತ್ತಿ ಗಟ್ಟಿ ಮಾಡಿದ ನಾರು) ಅಟ್ಟೆಯ ಶೂ ಬೇಕು, ಅದು ಮಾಮೂಲು ಅಂಗಡಿಯಲ್ಲಿ ಸಿಗದು. ಅಗ್ಗದ ಉಪಾಯ: ತೀರ್ಥನ್ ಕಣಿವೆಯ ಬಂಜಾರ್ ಪೇಟೆಯಲ್ಲಿ ಒಂದು ಜತೆ ದೊಡ್ಡ ಅಳತೆಯ ಉಣ್ಣೆ ಕಾಲುಚೀಲ ಕೊಂಡು ಶೂ ಮೇಲೆ ಎಳೆದುಕೊಳ್ಳಿ. ನೋಡುವವರು ನಗಲಿ, ಕಾಲು ಜಾರುವುದು ಕಡಿಮೆಯಾಗುತ್ತದೆ. ಜೀನ್ಸ್ ಒಯ್ಯಬೇಡಿ, ಒದ್ದೆಯಾದದ್ದು ಎರಡು ದಿನವಾದರೂ ಒಣಗದು. ಪೋಲರೈಸ್ಡ್ ಕನ್ನಡಕ ಮಾತ್ರ ಮರೆಯಬೇಡಿ. ನೀರಿನ ಮೇಲಿನ ಹೊಳಪು ಕತ್ತರಿಸಿ ಮೀನು, ಬಂಡೆ, ಗುಂಡಿ ಮೂರನ್ನೂ ತೋರಿಸುತ್ತದೆ.

ವಿಮಾನಕ್ಕೆ: ಕೊಕ್ಕೆ, ಇಕ್ಕಳ, ಚಾಕು ಚೆಕ್-ಇನ್ ಬ್ಯಾಗಿಗೆ. ರಾಡಿಗೆ ಹಾರ್ಡ್‌ವೇರ್ ಅಂಗಡಿಯಿಂದ 63 ಮಿ.ಮೀ. ಪಿವಿಸಿ ಪೈಪು ಕೊಯ್ಯಿಸಿ ಎರಡೂ ಕಡೆ ಎಂಡ್ ಕ್ಯಾಪ್ ಹಾಕಿ. ಎರಡು ತುಂಡಿನ ಏಳಡಿ ರಾಡಿಗೆ ಮೂರೂಮುಕ್ಕಾಲು ಅಡಿ ಪೈಪು ಬೇಕು. ನಾಲ್ಕು ತುಂಡಿನದಾದರೆ ಸೂಟ್‌ಕೇಸಿನೊಳಗೇ ಹೋಗುತ್ತದೆ.

ಬಸ್ಸು

ದೆಹಲಿಯಿಂದ ಮನಾಲಿಗೆ ಹೋಗುವ ರಾತ್ರಿ ವೋಲ್ವೋದಲ್ಲಿ ಔಟ್ ಸುರಂಗದ ಬಾಯಲ್ಲಿ ಇಳಿಯಬೇಕು. ಸುರಂಗ ಹೊಕ್ಕರೆ ಕುಲು ದಾರಿ, ನಿಮ್ಮದು ಲಾರ್ಜಿ, ಬಂಜಾರ್ ಕಡೆಗೆ. ಸಂಜೆ 5ಕ್ಕೆ ಹೊರಡುವ ಬಸ್ಸು ಬೇಡ: ನಸುಕಿನ ನಾಲ್ಕಕ್ಕೆ ತಲುಪಿಸಿ, ಕತ್ತಲಲ್ಲಿ, ಚಳಿಯಲ್ಲಿ, ನಾಯಿಗಳ ನಡುವೆ ಇಳಿಸಿ ಹೋಗುತ್ತದೆ. ಆ ಹೊತ್ತಿಗೆ ಸಿಗುವ ಒಂದೇ ಟ್ಯಾಕ್ಸಿಯವ ಕೇಳಿದ್ದೇ ದರ. ರಾತ್ರಿ ಎಂಟೂವರೆ, ಒಂಬತ್ತರ ಬಸ್ಸಾದರೆ ಬೆಳಕಾದ ಮೇಲೆ ಇಳಿಯುತ್ತೀರಿ, ಬಂಜಾರ್‌ಗೆ ಲೋಕಲ್ ಬಸ್ಸೂ ಸಿಗುತ್ತದೆ. ಒಂದು ಖಾಸಗಿ ಬಸ್ಸಿನಲ್ಲಂತೂ ಎಸಿ ನಿಲ್ಲಿಸುವ ಗುಬುಟೇ ಮುರಿದಿತ್ತು, ಕೊಟ್ಟ ಕಂಬಳಿ ಒದ್ದೆ, ಕಂಡಕ್ಟರ್ ಔಟ್ ಬಂದಾಗ ಗೊರಕೆ ಹೊಡೆಯುತ್ತಿದ್ದ. ಮಂಡಿ ದಾಟಿದ ಮೇಲೆ ಮಲಗಬೇಡಿ, ಮ್ಯಾಪ್ ತೆರೆದಿಟ್ಟುಕೊಂಡು ಪಂಡೋಹ್ ಆದ ಕೂಡಲೇ ಡ್ರೈವರ್ ಹತ್ತಿರ ಹೋಗಿ ನಿಲ್ಲಿ. ರಾಡಿನ ಪೈಪು ಡಿಕ್ಕಿಯಲ್ಲಿ ಬೇರೆಯವರ ಟ್ರಂಕಿನಡಿ ಸೇರದಂತೆ ಸೀಟಿನ ಪಕ್ಕ ಇಟ್ಟುಕೊಳ್ಳಿ.

ಉಳಿಯಲು, ಉಣ್ಣಲು

ಬಂಜಾರ್ ಹತ್ತಿರದ ಜಿಭಿ ಊರು ಬೇಡ. ವಾರಾಂತ್ಯದಲ್ಲಿ ಅಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ. ತೀರ್ಥನ್ ದಂಡೆಯ ಗುಶೈನಿ ಅಥವಾ ನಾಗಿನಿ ಹಳ್ಳಿಯ ಸುತ್ತ ಹುಡುಕಿ. ‘ನದಿ ಕಾಣುವ ಕೋಣೆ’ ಎಂದರೆ ಬಚ್ಚಲ ಕಿಟಕಿಯಿಂದ ಕತ್ತು ಚಾಚಿದರೆ ಕಾಣುವುದೂ ಸೇರುತ್ತದೆ, ವಿಡಿಯೊ ಕಾಲ್ ಮಾಡಿಸಿ ನೋಡಿ. ಶನಿವಾರ ಹೇಳಿದ ದರ ಸೋಮವಾರ ಅರ್ಧಕ್ಕಿಳಿದಿತ್ತು. ನಗದು ಬಂಜಾರ್‌ನಲ್ಲೇ ತೆಗೆದಿಟ್ಟುಕೊಳ್ಳಿ.

ಊಟಕ್ಕೆ ಗೆಸ್ಟ್ ಹೌಸಿನ ಟ್ರೌಟ್ ತಟ್ಟೆಗಿಂತ ಬಂಜಾರ್ ಪೇಟೆಯ ಸಣ್ಣ ಢಾಬಾಗಳು ಮೇಲು. ನಾಲ್ಕು ಬೆಂಚು, ಹೊಗೆ ಹಿಡಿದ ಗೋಡೆ, ಒಲೆಯ ಮೇಲೆ ಹಬೆಯ ಪಾತ್ರೆ ಇರುವ ಜಾಗ ಹುಡುಕಿ ಸಿಡ್ಡು ಕೇಳಿ. ಹುಳಿ ಬರಿಸಿದ ಗೋಧಿ ಹಿಟ್ಟಿನೊಳಗೆ ಅರೆದ ಗಸಗಸೆ, ಅಕ್ರೋಟ ತುಂಬಿ ಹಬೆಯಲ್ಲಿ ಬೇಯಿಸಿದ್ದು, ನಮ್ಮ ಕಡುಬಿಗೆ ದೂರದ ನೆಂಟ. ಬಿಸಿಯಿರುವಾಗಲೇ ನಡುವೆ ಸೀಳಿ, ಅಂಗೈ ಗುಳಿಯಷ್ಟು ತುಪ್ಪ ಹೊಯ್ದು, ಹಸಿರು ಚಟ್ನಿಯ ಜತೆ ಕೊಡುತ್ತಾರೆ. ತುಪ್ಪ ಒಳಗಿಳಿಯಲು ಅರ್ಧ ನಿಮಿಷ ಬಿಡಿ, ಆಮೇಲೆ ತಿನ್ನಿ. ಎರಡು ಸಿಡ್ಡು ತಿಂದರೆ ಸಂಜೆಯ ತನಕ ಹಸಿವಿಲ್ಲ. ಹೇಳಿದ ಮೇಲೆ ಬೇಯಿಸುವ ಕಡೆ ಮುಕ್ಕಾಲು ಗಂಟೆ ಕಾಯಬೇಕು, ಗಡಿಬಿಡಿ ಮಾಡಿದರೆ ನಡು ಹಸಿಯಾಗಿಯೇ ಬರುತ್ತದೆ. ಮಧ್ಯಾಹ್ನವಾದರೆ ರಾಜ್ಮಾ ಅನ್ನ, ಅದಕ್ಕೂ ಮೇಲೆ ತುಪ್ಪ ಕೇಳಲು ನಾಚಬೇಡಿ. ಟ್ರೌಟ್ ತಿನ್ನಲೇಬೇಕೆಂದರೆ ಹಸಿ ಮೀನನ್ನು ಎದುರಿಗೇ ತೂಗಿಸಿ, ದರ ಒಪ್ಪಿಕೊಂಡ ಮೇಲೆ ಬಾಣಲೆಗೆ ಬಿಡಿಸಿ.

ಹೊಳೆಯಲ್ಲಿ

ಲೈಸೆನ್ಸ್ ಮೀನುಗಾರಿಕೆ ಇಲಾಖೆಯದು, ದಿನದ ಲೆಕ್ಕ. ಗೆಸ್ಟ್ ಹೌಸಿನವರು ‘ನಾವು ನೋಡಿಕೊಳ್ತೀವಿ’ ಎಂದರೆ ನಿಮ್ಮ ಹೆಸರಿನ ರಸೀದಿ ಕೈಗೆ ಬರುವ ತನಕ ಗಾಳ ಬಿಡಬೇಡಿ. ಎಷ್ಟು ಮೀನು, ಎಷ್ಟು ಉದ್ದದ್ದು ಇಟ್ಟುಕೊಳ್ಳಬಹುದೆಂಬ ನಿಯಮವನ್ನೂ ಆಗಲೇ ಕೇಳಿಕೊಳ್ಳಿ. ಲೈಸೆನ್ಸ್ ಇದ್ದರೂ ರಾಷ್ಟ್ರೀಯ ಉದ್ಯಾನದ ಗೇಟಿನಾಚೆ ರಾಡು ಒಯ್ಯಬೇಡಿ.

ಟ್ರೌಟ್ ಹರಿವಿಗೆ ಎದುರಾಗಿ ಮುಖ ಮಾಡಿ ನಿಲ್ಲುತ್ತದೆ. ಅದಕ್ಕೆ ಕೆಳಗಿನಿಂದ ಮೇಲಕ್ಕೆ, ಅದರ ಬೆನ್ನ ಹಿಂದಿನಿಂದ ಹೋಗಬೇಕು. ಹೊಸಬರು ದೊಡ್ಡ ಮಡುವಿನ ನಡುವಿಗೆ ಎಸೆಯುತ್ತಾರೆ. ಮೀನು ಇರುವುದು ಬಂಡೆಯ ಹಿಂದಿನ ತಟ್ಟೆಯಗಲದ ನಿಂತ ನೀರಿನಲ್ಲಿ, ಸೆಳವಿನ ಪಕ್ಕದಲ್ಲಿ. ಮೇಲಕ್ಕೆ ಓರೆಯಾಗಿ ಎಸೆದು, ಹರಿವಿಗಿಂತ ತುಸು ಬೇಗ ಸುತ್ತಿ. ರಾಡಿನ ತುದಿಯಲ್ಲಿ ಸಣ್ಣ ನಡುಕ ಬಂದರೆ ಸ್ಪಿನ್ನರ್‌ನ ಎಲೆ ತಿರುಗುತ್ತಿದೆ ಎಂದರ್ಥ. ನಡುಕ ಇಲ್ಲದಿದ್ದರೆ ಒಮ್ಮೆ ಸಣ್ಣಗೆ ಜಗ್ಗಿ. ಒಂದೇ ಜಾಗಕ್ಕೆ ನಾಲ್ಕು ಎಸೆತ, ಅಷ್ಟರಲ್ಲಿ ಬರದಿದ್ದರೆ ಮುಂದಿನ ಬಂಡೆ.

ಗಂಟು: ಕೊಕ್ಕೆಯ ಕಣ್ಣಿಗೆ ದಾರ ಪೋಣಿಸಿ, ತುದಿಯನ್ನು ಅದೇ ದಾರಕ್ಕೆ ಐದು ಸುತ್ತು ಸುತ್ತಿ, ಆ ತುದಿಯನ್ನು ಕಣ್ಣಿನ ಬಳಿಯ ಕುಣಿಕೆಯೊಳಗೆ, ಆಮೇಲೆ ದೊಡ್ಡ ಕುಣಿಕೆಯೊಳಗೆ ತೂರಿಸಿ. ಬಿಗಿಯುವ ಮೊದಲು ಎಂಜಲು ಹಚ್ಚಿ. ಒಣ ದಾರ ಬಿಗಿಯುವಾಗ ಉಜ್ಜಿ ಬಿಸಿಯಾಗಿ ಅಲ್ಲೇ ಸೋಲುತ್ತದೆ. ರೀಲಿನ ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಡುವ ಬಿಗಿ) ದಾರದ ಬಲದ ಕಾಲುಭಾಗಕ್ಕೆ ಬಿಡಿ, ಅಂದರೆ 4 ಪೌಂಡ್ ದಾರಕ್ಕೆ ಸುಮಾರು ಅರ್ಧ ಕೆ.ಜಿ. ಎಳೆತಕ್ಕೆ ಬಿಚ್ಚಿಕೊಳ್ಳುವಷ್ಟು. ನೀರು ತುಂಬಿದ ಅರ್ಧ ಲೀಟರ್ ಬಾಟಲಿ ಕಟ್ಟಿ ಎತ್ತಿ ನೋಡಿದರೆ ತಿಳಿಯುತ್ತದೆ.

ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಟ್ಟುಕೊಳ್ಳಿ. ಬಿಡಿಸಲು ಸುಲಭ, ನಿಮ್ಮ ಬೆರಳಿಗೆ ಚುಚ್ಚಿದರೂ ಸುಲಭ. ಮೀನು ಮುಟ್ಟುವ ಮೊದಲು ಕೈ ಒದ್ದೆ ಮಾಡಿ, ಒಣ ಕೈಗೆ ಅದರ ಮೈಯ ಲೋಳೆ ಕಿತ್ತು ಬರುತ್ತದೆ. ಫೋಟೊ ಬೇಕಿದ್ದರೆ ಕ್ಯಾಮೆರಾ ತಯಾರಾದ ಮೇಲೆ ಮೀನು ಎತ್ತಿ. ಬಿಡುವಾಗ ಹರಿವಿಗೆ ಮುಖ ಮಾಡಿ ಹೊಟ್ಟೆಯಡಿ ಸಡಿಲವಾಗಿ ಹಿಡಿದಿರಿ, ಕಿವಿರು ಆಡುತ್ತದೆ, ತಾನೇ ಕೈಯಿಂದ ಜಾರಿ ಹೋಗುತ್ತದೆ.

ಹತ್ತಿರದ ಜಲೋರಿ ಪಾಸ್, ಸೆರೋಲ್ಸರ್ ಕೆರೆಯ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ಮರಳುವ ಬಸ್ಸು ಹಿಡಿಯಲು ಗುಶೈನಿಯಿಂದ ಮೂರು ಗಂಟೆ ಮೊದಲು ಹೊರಡಿ, ಬಂಜಾರ್ ಪೇಟೆಯಲ್ಲಿ ಎದುರುಬದುರಾದ ಎರಡು ಬಸ್ಸು ಅರ್ಧ ಗಂಟೆ ತಿನ್ನುತ್ತವೆ. ಒದ್ದೆ ಉಣ್ಣೆ ಚೀಲಗಳನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟದೆ ಬ್ಯಾಗಿಗೆ ತುರುಕಿದರೆ ಬೆಂಗಳೂರು ತಲುಪುವ ತನಕ ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡೇ ಕೂರಬೇಕಾಗುತ್ತದೆ.