ಬೆರಳಲ್ಲಿ 98, ಗಡ್ಡೆಯಲ್ಲಿ?

6 ಫೆಬ್ರವರಿ 2024, ಮಂಗಳವಾರ
ಡೊಂಬಿವಲಿ

ಬೆಳಿಗ್ಗೆ 5.40ರ ಲೋಕಲ್ ಹಿಡಿದು ಮಾವನನ್ನು ಪರೇಲಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮುಂದಿನ ವಾರದಿಂದ ಅವನ ಗಂಟಲಿನ ಕ್ಯಾನ್ಸರ್ ಗಡ್ಡೆಗೆ ಕರೆಂಟ್, ಅಂದರೆ ರೇಡಿಯೇಷನ್, ಇಡುತ್ತಾರೆ. ಅದಕ್ಕೂ ಮೊದಲು ಇನ್ನೊಂದು ಪೆಟ್ ಸ್ಕ್ಯಾನ್ (ಚುಚ್ಚಿದ ಔಷಧಿ ಮೈಯಲ್ಲಿ ಎಲ್ಲಿ ಸೇರಿದೆ ಎಂದು ತೋರಿಸುವ ಚಿತ್ರ), ಗಡ್ಡೆಯ ಆಕ್ಸಿಜನ್ ನೋಡಲು, ಸಂಶೋಧನೆಗೆಂದು. ಒಪ್ಪಿಗೆ ಪತ್ರ ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿತ್ತು. ಕನ್ನಡದ್ದು ಕೇಳಿದರೆ ಕೌಂಟರಿನವರು ನನ್ನತ್ತಲೇ ಕೈ ತೋರಿಸಿ ‘ಆಪ್ ಹೈ ನಾ’ ಅಂದರು. ಸಿಟ್ಟು ಬಂತು, ನುಂಗಿಕೊಂಡೆ.

‘ಬೆರಳಿಗೆ ಕ್ಲಿಪ್ ಹಾಕಿ ತೊಂಬತ್ತೆಂಟು ಅಂದ್ರಲ್ಲೋ. ಮತ್ತ ಯಾಕ ಆಕ್ಸಿಜನ್ ನೋಡ್ತಾರ?’ ಮಾವನ ಪ್ರಶ್ನೆ.

ಡಾಕ್ಟರು ಹಿಂದಿಯಲ್ಲಿ ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳಿದೆ. ಕ್ಲಿಪ್ ಹೇಳುವುದು ರಕ್ತದಲ್ಲಿನ ಆಕ್ಸಿಜನ್, ಗಡ್ಡೆಯೊಳಗಿನದಲ್ಲ. ಗಡ್ಡೆ ಅವಸರದಲ್ಲಿ ಬೆಳೆಯುತ್ತದೆ, ರಕ್ತನಾಳಗಳು ಅಡ್ಡಾದಿಡ್ಡಿ. ನಾಳದಿಂದ ಒಂದು ಮಿಲಿಮೀಟರಿನ ಐದನೇ ಒಂದು ಭಾಗ ದಾಟುವುದರೊಳಗೇ ಆಕ್ಸಿಜನ್ ಮುಗಿದಿರುತ್ತದೆ.

ಮಾವ ಮುಧೋಳದ ಕಬ್ಬಿನವನು. ‘ಟೇಲೆಂಡಿನ ಹೊಲ ಅನ್ನು. ಕೆನಾಲ್ ತುಂಬಿ ಹರದ್ರೂ ನಮಗ ನೀರು ಮುಟ್ಟೂದಿಲ್ಲ.’

ಅಷ್ಟೇ ವಿಷಯ. ಆದರೆ ಅಲ್ಲಿನ ಕೋಶಗಳು ಒಣಗುವ ಬದಲು ಮೊಂಡಾಗುತ್ತವೆ. ಕರೆಂಟು ಡಿಎನ್ಎಗೆ ಮಾಡಿದ ಗಾಯ ವಾಸಿಯಾಗದಂತೆ ಮಾಡುವುದೇ ಆಕ್ಸಿಜನ್. ಅದಿಲ್ಲದ ಕೋಶ ಸಾಯಲು 2.5ರಿಂದ 3 ಪಟ್ಟು ಡೋಸ್ ಬೇಕು. 1950ರ ದಶಕದಲ್ಲೇ ಲಂಡನ್ನಿನಲ್ಲಿ ಗ್ರೇ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಇದನ್ನು ತೋರಿಸಿದ್ದರು.

ಹೋದ ತಿಂಗಳ ಪೆಟ್ ಸಕ್ಕರೆಯಂಥ ಔಷಧಿ ಚುಚ್ಚಿ ಮಾಡಿದ್ದು: ಗಡ್ಡೆ ಎಷ್ಟು ಸಕ್ಕರೆ ಎಳೆದುಕೊಳ್ಳುತ್ತದೆ, ಅಂದರೆ ಅದರ ಹಸಿವು ಮಾತ್ರ ಕಾಣುತ್ತದೆ. ಇವತ್ತಿನದು ಮಿಸೊನಿಡಜೋಲ್ ಎಂಬ ಔಷಧಿ‌ಗೆ ವಿಕಿರಣ ಸೂಸುವ ಫ್ಲೋರಿನ್-18 ಅಂಟಿಸಿದ ಇಂಜೆಕ್ಷನ್. ಆಕ್ಸಿಜನ್ ಇರುವ ಕೋಶಕ್ಕೆ ಹೊಕ್ಕರೆ ಹಾಗೇ ಹೊರಗೆ ಬರುತ್ತದೆ. ಇಲ್ಲದ ಕಡೆ ರೂಪ ಬದಲಾಗಿ ಒಳಗೇ ಸಿಕ್ಕಿಬೀಳುತ್ತದೆ. ಸತ್ತ ಕೋಶದಲ್ಲಿ ಹೀಗೆ ಸಿಕ್ಕಿಬೀಳುವುದಿಲ್ಲ. ಉಸಿರುಗಟ್ಟಿಯೂ ಬದುಕಿರುವವೇ ಹೊಳೆಯುವುದು. ನಿಧಾನದ ಔಷಧಿ ಇದು, ಚುಚ್ಚಿದ ಮೇಲೆ ಮೂರು ಗಂಟೆ ಸುಮ್ಮನೆ ಕಾಯಿಸಿದರು. ಇಡ್ಲಿ ಡಬ್ಬಿ ತಂದಿದ್ದು ಒಳ್ಳೆಯದಾಯಿತು.

‘ಟೇಲೆಂಡ್ ಗೊತ್ತಾತು ಅಂದ್ರ ಅಲ್ಲಿ ಜಾಸ್ತಿ ಕರೆಂಟ್ ಬಿಡ್ತಾರೇನು?’

ಡಾಕ್ಟರನ್ನು ಕೇಳಿದೆ. ಚಿತ್ರ ನೋಡಿ ಡೋಸ್ ಬದಲಿಸುವುದು ಇನ್ನೂ ಪರೀಕ್ಷೆಯ ಹಂತದಲ್ಲಿದೆ, ಇವರಿಗೆ ಮಾಮೂಲಿ ಚಿಕಿತ್ಸೆಯೇ ಅಂದರು. ಮಾವನಿಗೆ ಅದನ್ನೂ ಮುಚ್ಚಿಡದೆ ಹೇಳಿದೆ. ‘ಇರ್ಲಿ, ಮುಂದಿನವರಿಗೆ ಆಗ್ತದ’ ಅಂದ. ಮುಖ ಮಾತ್ರ ಸ್ವಲ್ಪ ಸಪ್ಪಗಾಯಿತು.

ರಾತ್ರಿವರೆಗೆ ಮಕ್ಕಳನ್ನು ಎತ್ತಿಕೊಳ್ಳಬೇಡಿ ಅಂದಿದ್ದರು. ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧ ಆಗುತ್ತದೆ ಎಂದು ನಾನು ಹೇಳಿದ್ದೇ ತಪ್ಪಾಯಿತು. ಮಾವ ಸಂಜೆಯಿಡೀ ಗ್ಯಾಲರಿಯಲ್ಲಿ ಒಬ್ಬನೇ ಕೂತು ‘ಈಗೆಷ್ಟು ಉಳದೈತಿ?’ ಅಂತ ಕೇಳುತ್ತಲೇ ಇದ್ದ. ನನ್ನ ಮಗಳು ಒಂಬತ್ತಕ್ಕೆ ಮಲಗಿಬಿಟ್ಟಳು.