ಎಡಿಟ್ ಮಾಡುತ್ತಾ ಶೂಟಿಂಗ್ ಕಲಿತೆ

ವಿಡಿಯೊ ಕೆಲಸಕ್ಕೆ ಬರಬೇಕು ಅನ್ನುವ ಹುಡುಗರು ಮೊದಲು ಕೇಳುವುದು ಯಾವ ಕ್ಯಾಮೆರಾ ಕೊಳ್ಳಬೇಕು ಅಂತ. ಸದ್ಯಕ್ಕೆ ಯಾವುದೂ ಬೇಡ ಅಂತೀನಿ. ಬೇರೆಯವರು ತೆಗೆದ ಮದುವೆ ವಿಡಿಯೊ ಎಡಿಟ್ ಮಾಡಿ.

ನಾನು ಕಲಿತದ್ದು ಚಿತ್ರಕಲೆ, ಕಲಬುರಗಿಯಲ್ಲಿ. ಸಿನಿಮಾ ಪೋಸ್ಟರ್ ಬರೆದು ಮುಂಬೈಯಲ್ಲಿ ಹೆಸರು ಮಾಡಿದ ಎಸ್.ಎಂ. ಪಂಡಿತರು ನಮ್ಮ ಊರಿನವರು. ಬಣ್ಣದ ಕೆಲಸದಲ್ಲೂ ಅನ್ನ ಇದೆ ಅಂತ ಮನೆಯಲ್ಲಿ ವಾದ ಮಾಡಲು ಆ ಒಂದು ಹೆಸರು ಸಾಕಾಯಿತು. ವಾದ ಗೆದ್ದೆ, ಅನ್ನ ಹುಟ್ಟಲಿಲ್ಲ. ಫ್ಲೆಕ್ಸ್ ಬಂದು ಬೋರ್ಡ್ ಬರೆಯುವ ಕೆಲಸವೂ ಹೋಗಿತ್ತು. ಹಾಗಾಗಿ ಒಂದು ಸ್ಟುಡಿಯೊದಲ್ಲಿ ಎಡಿಟಿಂಗ್‌ಗೆ ಕೂತೆ.

ಅಲ್ಲಿ ಕೂತರೆ ಯಾವ ಶಾಟ್ ಇಲ್ಲ ಅನ್ನೋದು ಚುಚ್ಚುತ್ತದೆ. ಅಕ್ಕಿಕಾಳು ಬೀಳುವಾಗ ಕ್ಯಾಮೆರಾ ಮದುಮಗನ ಪೇಟದ ಮೇಲೇ ನಿಂತಿದೆ, ಹುಡುಗಿಯ ತಾಯಿಯ ಮುಖ ಎಲ್ಲೂ ಇಲ್ಲ. ಎರಡು ಸೆಕೆಂಡ್ ಇದ್ದರೂ ಸಾಕಿತ್ತು. ಟ್ಯೂಬ್‌ಲೈಟ್ ಕೆಳಗೆ ತೆಗೆದದ್ದರಲ್ಲಿ ಪಟ್ಟಿ ಓಡುತ್ತವೆ. ನಮ್ಮ ಕರೆಂಟ್ 50 ಹರ್ಟ್ಜ್, ಲೈಟ್ ಅದರ ಲೆಕ್ಕಕ್ಕೇ ಮಿನುಗುತ್ತದೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಟ್ಟರೆ ಆ ಕಾಟ ಇಲ್ಲ. ರಾತ್ರಿಯಿಡೀ ಆ ಪಟ್ಟಿ ನೋಡಿದವರಿಗೆ ಇದನ್ನು ಯಾರೂ ಮತ್ತೆ ಹೇಳಬೇಕಿಲ್ಲ.

ಆಮೇಲೆ ಸ್ವಂತ ಕೆಲಸ ಶುರು ಮಾಡಿದೆ. ಎಡಿಟಿಂಗ್ ಕಲಿಸಿದ್ದು ನಿಜವಾಗಿ ಕೈಗೆ ಬಂದದ್ದು ಬೀದರ್‌ನ ಬಿದ್ರಿ ಕೆಲಸ ಶೂಟ್ ಮಾಡುವಾಗ. ಸತು ಮತ್ತು ಸ್ವಲ್ಪ ತಾಮ್ರದ ಎರಕ. ಗೀಚಿದ ಗೆರೆ ಕಾಣಲಿ ಅಂತ ಮೊದಲು ಮೈಲುತುತ್ತ ಸವರುತ್ತಾರೆ. ಕೆತ್ತಿ, ಬೆಳ್ಳಿ ತಂತಿ ಬಡಿದು ಕೂರಿಸಿ, ಉಜ್ಜುತ್ತಾರೆ. ಆಗ ಬೆಳ್ಳಿ ಯಾವುದು, ಸತು ಯಾವುದು ಅಂತ ಕ್ಯಾಮೆರಾಕ್ಕೆ ಅಷ್ಟಾಗಿ ತಿಳಿಯೋದೇ ಇಲ್ಲ. ಕೊನೆಗೆ ಬಿಸಿ ಮಾಡಿ, ಕೋಟೆಯ ಮಣ್ಣಿಗೆ ನವಸಾಗರ ಅನ್ನುವ ಲವಣ ಬೆರೆಸಿ ಉಜ್ಜಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಇಡೀ ವಿಡಿಯೊ ನಿಂತಿರೋದು ಈ ಗಳಿಗೆಯ ಮೇಲೆ. "ಚಾಚಾ, ಇನ್ನೊಮ್ಮೆ ಮಾಡ್ತೀರಾ?" ಅಂತ ಕೇಳುವ ಹಾಗಿಲ್ಲ. ಕಪ್ಪಾದದ್ದು ಕಪ್ಪಾಯಿತು.

ಅದಕ್ಕೇ ಮೊದಲು ಕ್ಯಾಮೆರಾ ಇಲ್ಲದೆ ಹೋಗಿ ಕೂರುತ್ತೇನೆ. ಯಾವ ಕೈ ಉಜ್ಜುತ್ತದೆ, ಬಾಗಿಲ ಬೆಳಕು ಯಾವ ಕಡೆಯಿಂದ, ನೀರಿನ ಪಾತ್ರೆ ಎಲ್ಲಿ. ಕಪ್ಪು ಮಾಡದ ಎರಡು ತುಂಡು ಉಳಿಸಿಡಲು ಕೇಳಿಕೊಳ್ಳುತ್ತೇನೆ. ಒಂದು ದೂರದ ಶಾಟ್‌ಗೆ, ಇನ್ನೊಂದು ಹತ್ತಿರದ್ದಕ್ಕೆ. ಎಡಿಟ್‌ನಲ್ಲಿ ಎರಡೂ ಒಂದೇ ತುಂಡು. ಸುತ್ತಿಗೆಯ ಸದ್ದು ಬೇರೆಯಾಗಿ ರೆಕಾರ್ಡ್ ಮಾಡುತ್ತೇನೆ. ಅವರನ್ನು ಮಾತಾಡಿಸಿ ರೆಕಾರ್ಡ್ ಮಾಡೋದು ಬೆಳಿಗ್ಗೆಯೇ ಮುಗಿಸಬೇಕು. ನಮ್ಮ ಕಡೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಕೂಲರ್ ಆಫ್ ಮಾಡಿ ಅಂದರೆ ಯಾರು ಒಪ್ಪುತ್ತಾರೆ? ಆನ್ ಇದ್ದರೆ ಕಾಲರ್ ಮೈಕ್‌ನಲ್ಲಿ ಅದೇ ಗುಂಯ್.

ಬೀದರ್ ಅಂದಕೂಡಲೇ ಗಿರಾಕಿಗಳು ಕೋಟೆಯ ಡ್ರೋನ್ ಶಾಟ್ ಕೇಳುತ್ತಾರೆ. ಕೋಟೆ ಪುರಾತತ್ವ ಇಲಾಖೆಯದು, ಊರಲ್ಲಿ ವಾಯುಪಡೆಯ ನೆಲೆಯೂ ಇದೆ. ಅನುಮತಿ ಪತ್ರ ಇಲ್ಲದೆ ನಾನಂತೂ ಬ್ಯಾಗ್ ತೆಗೆಯಲ್ಲ.

ಕ್ಯಾಮೆರಾ ಇಲ್ಲದೆ ಕೂರುವ ದಿನಕ್ಕೂ ಕೊಟೇಶನ್‌ನಲ್ಲಿ ದುಡ್ಡು ಹಾಕುತ್ತೇನೆ. "ಸುಮ್ನೆ ಕೂರೋದಕ್ಕೂ ಚಾರ್ಜಾ ರೀ?" ಅಂತ ಕೇಳಿದವರಿದ್ದಾರೆ. ಹೌದು ಅಂತೀನಿ. ಚೌಕಾಸಿ ಮಾಡಿದರೆ ಡ್ರೋನ್ ಬಿಡುತ್ತೇನೆ, ಎರಡನೇ ಕ್ಯಾಮೆರಾ ಬಿಡುತ್ತೇನೆ. ಆ ದಿನ ಮಾತ್ರ ಬಿಡಲ್ಲ.