ಎರಡೂವರೆ ಇಂಚಿನಲ್ಲಿ ಅಪ್ಪನ ದುರ್ಯೋಧನ

ನಾಲೆಗೆ ನೀರು ಬಿಟ್ಟಿದ್ದಾರೆ. ಅಪ್ಪನಿಗೆ ರಾತ್ರಿಯೆಲ್ಲಾ ಕಬ್ಬಿನ ಗದ್ದೆ ಹತ್ತಿರವೇ ಕಾವಲು. ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಬೀರುವಿನಲ್ಲಿ ಸುಮ್ನೆ ಬಿದ್ದಿದ್ದ 2005ರ ಐಪಾಡ್ ನೆನಪಾಯಿತು, ನೆಟ್‌ವರ್ಕ್ ಇಲ್ಲದೆಯೂ ಹಾಡು, ವಿಡಿಯೋ ಹಾಕುವ ಪುಟ್ಟ ಪ್ಲೇಯರ್. ಚಾರ್ಜ್‌ಗೆ ಹಾಕಿದೆ, ಆನ್ ಆಯಿತು!

ನಮ್ಮೂರ ಪೌರಾಣಿಕ ನಾಟಕದ ವಿಡಿಯೋ ಯಾರೋ ನೆಟ್‌ಗೆ ಹಾಕಿದ್ದರು. ಅದರಲ್ಲಿ ಅಪ್ಪನೇ ದುರ್ಯೋಧನ. ಡೌನ್‌ಲೋಡ್ ಮಾಡಿದರೆ ಎಂಕೆವಿ ಅನ್ನೋ ಬಗೆಯ ವಿಡಿಯೋ ಫೈಲ್, 40 ನಿಮಿಷಕ್ಕೆ 1.2 ಜಿಬಿ. ಐಪಾಡ್‌ಗೆ ಹೋಗಲೇ ಇಲ್ಲ. ಹೆಸರಿನ ಕೊನೆಯಲ್ಲಿ ಎಂಪಿ4 ಅಂತ ಬದಲಾಯಿಸಿದರೆ ಸಾಲದು, ಒಳಗಿರುವುದನ್ನೇ ಐಪಾಡ್‌ಗೆ ಅರ್ಥವಾಗುವ ರೂಪಕ್ಕೆ ಹೊಸದಾಗಿ ಎನ್‌ಕೋಡ್ ಮಾಡಬೇಕು. ಹ್ಯಾಂಡ್‌ಬ್ರೇಕ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿಕೊಂಡೆ. ಚಿತ್ರಕ್ಕೆ ಎಚ್.264 ಅನ್ನೋ ಎನ್‌ಕೋಡಿಂಗ್, ಅದರಲ್ಲೂ ಸರಳವಾದ ಬೇಸ್‌ಲೈನ್ ಪ್ರೊಫೈಲ್, ಅಗಲ 320 ಪಿಕ್ಸೆಲ್, ಎತ್ತರ 180. ಐಪಾಡ್ ಪರದೆಯೇ 320 ಅಗಲ, ಅದಕ್ಕಿಂತ ಜಾಸ್ತಿ ಕೊಟ್ಟು ಏನು ಪ್ರಯೋಜನ ಅಲ್ವಾ?

ಚಿತ್ರವನ್ನು ಎಷ್ಟು ಬೇಕಾದರೂ ಕುಗ್ಗಿಸಲು ಮನಸ್ಸು ಒಪ್ಪಿತು. ಧ್ವನಿಯನ್ನು ಮಾತ್ರ ಕುಗ್ಗಿಸಲಿಲ್ಲ, ಎಎಸಿ ಅನ್ನೋ ಆಡಿಯೋ ರೂಪದಲ್ಲಿ ಸೆಕೆಂಡಿಗೆ 128 ಕಿಲೋಬಿಟ್ ಇಟ್ಟೆ. ನಮ್ಮ ಕಡೆ ನಾಟಕವನ್ನು ಜನ ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಕಂದಪದ್ಯ ಎಳೆದಾಗ ಹಾರ್ಮೋನಿಯಂ ಹಿಂದೆ ಹಿಂದೆ ಬರುತ್ತದಲ್ಲ, ಅದು ಹೋದರೆ ಉಳಿಯುವುದೇನು?

ಫೈಲ್ ಸುಮಾರು 190 ಎಂಬಿಗೆ ಇಳಿಯಿತು. ಎರಡೂವರೆ ಇಂಚಿನ ಪರದೆಯಲ್ಲಿ ಅಪ್ಪನ ಕಿರೀಟ ಅಕ್ಕಿಕಾಳಿನಷ್ಟು. ಅಪ್ಪ ಇಯರ್‌ಫೋನ್‌ನ ಒಂದು ತುದಿಯನ್ನು ತಮ್ಮದೇ ಕಿವಿಗೆ, ಇನ್ನೊಂದು ನನ್ನ ಕಿವಿಗೆ ಸಿಕ್ಕಿಸಿದರು. ಪದ್ಯ ಬಂದಾಗ ಕಣ್ಣು ಮುಚ್ಚಿಕೊಂಡು, ಗುದ್ದಲಿ ಕಾವಿನ ಮೇಲೆ ಬೆರಳಲ್ಲಿ ತಾಳ ಹಾಕಿದರು.

"ಇಲ್ಲಿ ಶ್ರುತಿ ಸ್ವಲ್ಪ ಜಾರಿದೆ ಕಣೋ, ಹಿಂದಕ್ಕೆ ಹಾಕು" ಅಂದರು.